ಅಮ್ಮನಿಗಾಗಿ ಓದುವ ಆಗಸ್ಟ್

ಆಸ್ಟ್ರೇಲಿಯಾದಲ್ಲಿ ಆಗಸ್ಟ್ ಚಳಿಗಾಲದ ಕೊನೆಯ ತಿಂಗಳು. ಆ ತಿಂಗಳು ಪೂರ್ತಿ ಅಲ್ಲಿನ ಎಷ್ಟೋ ಶಾಲಾ ಮಕ್ಕಳು ಲೆಕ್ಕವಿಟ್ಟು ಪುಸ್ತಕ ಓದುತ್ತಾರೆ. ಓದಲು ಕೂರುವ ಮೊದಲೇ ಅಜ್ಜ, ಅಜ್ಜಿ, ಪಕ್ಕದ ಮನೆಯವರು, ಅಪ್ಪನ ಆಫೀಸಿನವರು ಹೀಗೆ ಗೊತ್ತಿದ್ದವರ ಹತ್ತಿರವೆಲ್ಲ ಹೋಗಿ, ‘ನಾನು ಇಷ್ಟು ಪುಸ್ತಕ ಓದ್ತೀನಿ, ನೀವು ಎಷ್ಟು ಕೊಡ್ತೀರಿ?’ ಎಂದು ಕೇಳಿರುತ್ತಾರೆ. ಕೆಲವರು ಪುಸ್ತಕಕ್ಕೆ ಇಷ್ಟು ಎಂದು ಒಪ್ಪುತ್ತಾರೆ, ಕೆಲವರು ಒಟ್ಟಾಗಿ ಒಂದು ಮೊತ್ತ ಕೊಡುತ್ತಾರೆ. ಹಿಂದೆಲ್ಲ ಕೈಯಲ್ಲೊಂದು ಕಾರ್ಡು ಹಿಡಿದು ಬೀದಿಯ ಮನೆಮನೆಗೆ ಹೋಗಿ ಹೆಸರು ಬರೆಸಿಕೊಳ್ಳುತ್ತಿದ್ದರು, ಓದಿ ಮುಗಿದ ಮೇಲೆ ಮತ್ತೊಂದು ಸುತ್ತು ಹೋಗಿ ಚಿಲ್ಲರೆ ವಸೂಲಿ ಮಾಡುತ್ತಿದ್ದರು. ಈಗ ಪ್ರತಿ ಮಗುವಿಗೂ ಆನ್‌ಲೈನಿನಲ್ಲಿ ಒಂದು ಪುಟ ಇರುತ್ತದೆ. ಓದಿದ ಪುಸ್ತಕದ ಹೆಸರು ಅಲ್ಲೇ ಏರುತ್ತದೆ, ಹಣವೂ ಅಲ್ಲಿಗೇ ಬಂದು ಬೀಳುತ್ತದೆ.

ಇದು ಎಂಎಸ್ ರೀಡಥಾನ್. ಶುರುವಾದದ್ದು 1970ರ ದಶಕದ ಕೊನೆಯಲ್ಲಿ. ಆಗ ಕಾರ್ಡು ಹಿಡಿದು ಬೀದಿ ಸುತ್ತಿದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಸಂಗ್ರಹವಾದ ಹಣ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ಕಾಯಿಲೆ ಇರುವವರಿಗೆ ಮತ್ತು ಅವರ ಮನೆಯವರಿಗೆ ಸಲ್ಲುತ್ತದೆ. ‘ಮತ್ತು ಅವರ ಮನೆಯವರಿಗೆ’ ಎಂಬ ಮಾತನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ನಮ್ಮಲ್ಲಿ ಕಾಯಿಲೆಗೆಂದು ಹಣ ಎತ್ತುವಾಗ ನಾವು ಆಸ್ಪತ್ರೆಯ ಬಿಲ್ಲಿನಿಂದ ಆಚೆ ಯೋಚಿಸುವುದು ಕಡಿಮೆ.

ಮಿದುಳು, ಬೆನ್ನುಹುರಿಗಳ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ. ಈ ಕಾಯಿಲೆಯಲ್ಲಿ ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಿಕ್ಕು ತಪ್ಪಿ ಈ ಹೊದಿಕೆಯನ್ನು ತಿನ್ನತೊಡಗುತ್ತದೆ. ಎಲ್ಲಿ ಹೊದಿಕೆ ಹೋಯಿತೋ ಅಲ್ಲಿ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಒಬ್ಬರಿಗೆ ಕಾಲು ಜೋಮು, ಇನ್ನೊಬ್ಬರಿಗೆ ಒಂದು ಕಣ್ಣು ಮಂಜು, ಮತ್ತೊಬ್ಬರಿಗೆ ಮೂತ್ರದ ಹಿಡಿತ ತಪ್ಪುತ್ತದೆ. ಪ್ಯಾರಿಸ್ಸಿನ ವೈದ್ಯ ಝಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸ್ಪಷ್ಟವಾಗಿ ವಿವರಿಸಿದ. ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಂದರೆ ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಸಣ್ಣ ಮಕ್ಕಳಿರುವ ಕಾಲಕ್ಕೆ ಸರಿಯಾಗಿ ಬಂದು ಕೂರುತ್ತದೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹೆಚ್ಚು ಜನರನ್ನು ಕಾಡುವ ಕಾಯಿಲೆ ಇದು. ಹಾಗಾಗಿ ಸ್ಕಾಟ್ಲೆಂಡ್, ಐರ್ಲೆಂಡ್, ಕೆನಡಾಗಳಲ್ಲಿ, ಆಸ್ಟ್ರೇಲಿಯಾದ ತೆಂಕಣ ರಾಜ್ಯಗಳಲ್ಲಿ ಇದರ ಪರಿಚಯ ಇರುವ ಮನೆಗಳು ಬಹಳ. ನಮ್ಮಲ್ಲಿ ಲಕ್ಷಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಕಡಿಮೆಯೇ, ಆದರೆ ನಮ್ಮ ಜನಸಂಖ್ಯೆಯಲ್ಲಿ ಆ ಕಡಿಮೆ ಎಂಬುದೂ ಸಣ್ಣ ಸಂಖ್ಯೆಯಲ್ಲ.

ರೀಡಥಾನ್ ಶುರುವಾದ ಕಾಲವನ್ನು ಸ್ವಲ್ಪ ನೋಡಬೇಕು. ಆಗ ಈ ಕಾಯಿಲೆಯ ಓಟವನ್ನು ತಡೆಯುವ ಒಂದೇ ಒಂದು ಔಷಧಿ ಇರಲಿಲ್ಲ. ಮಿದುಳಿನ ಕಲೆಗಳನ್ನು ತೋರಿಸುವ ಎಂಆರ್‌ಐ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಕಾಯಿಲೆ ಮರುಕಳಿಸುವುದನ್ನು ಕಡಿಮೆ ಮಾಡುವ ಮೊದಲ ಔಷಧಿ, ಇಂಟರ್‌ಫೆರಾನ್ ಬೀಟಾ, ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1993ರಲ್ಲಿ. ಅದಕ್ಕೂ ಮೊದಲು ಡಾಕ್ಟರು ಹೇಳುತ್ತಿದ್ದುದು, ‘ವಿಶ್ರಾಂತಿ ತಗೊಳ್ಳಿ, ಮತ್ತೆ ಜೋರಾದರೆ ಸ್ಟೀರಾಯ್ಡ್ ಕೊಡೋಣ’ ಎಂಬಷ್ಟೇ. ಕೊಡಲು ಮದ್ದಿಲ್ಲದ ಆ ದಿನಗಳಲ್ಲಿ ಮಕ್ಕಳು ಓದಿ ತಂದ ಹಣದಿಂದ ಗಾಲಿಕುರ್ಚಿ, ಫಿಸಿಯೋಥೆರಪಿ, ಮನೆಗೆ ಬಂದು ಹೋಗುವ ನರ್ಸು, ಒಂದಿಷ್ಟು ಮಾತಾಡಿಸುವ ಮನುಷ್ಯರು ಇವನ್ನು ಒದಗಿಸಬೇಕಿತ್ತು. ಗುಣಪಡಿಸುವ ಭರವಸೆ ಕೊಡದೆ ಹಣ ಕೇಳುವುದು ಬಹಳ ಕಷ್ಟ. ಮಕ್ಕಳು ಅದನ್ನು ಮಾಡಿದರು.

ಈ ಕಾಯಿಲೆಗೂ ಓದಿಗೂ ಇನ್ನೊಂದು ನಂಟಿದೆ, ಅದು ಅನುಭವಿಸಿದವರಿಗೆ ಗೊತ್ತು. ಎಷ್ಟೋ ಜನರಿಗೆ ಎಂಎಸ್ ಮೊದಲು ಕಾಣಿಸಿಕೊಳ್ಳುವುದೇ ಕಣ್ಣಿನ ನರದ ಉರಿಯೂತವಾಗಿ. ಕಣ್ಣು ಹೊರಳಿಸಿದರೆ ನೋವು, ಬಣ್ಣ ಪೇಲವ, ಅಕ್ಷರದ ನಡುವೆ ಒಂದು ಮಸುಕು. ಮುಂದೆ ಸುಸ್ತು ಬರುತ್ತದೆ. ದಿನವಿಡೀ ದುಡಿದು ಬರುವ ಸುಸ್ತಲ್ಲ, ಬೆಳಗ್ಗೆ ಎದ್ದಾಗಲೇ ಇರುವ ಸುಸ್ತು. ಒಂದು ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಅದರ ಮೊದಲ ಸಾಲು ನೆನಪಿನಿಂದ ಜಾರಿರುತ್ತದೆ. ಪುಸ್ತಕ ಹಿಡಿದ ಕೈ ನಡುಗುತ್ತದೆ. ಹುಚ್ಚು ಹಿಡಿದವಳಂತೆ ಕಾದಂಬರಿ ಓದುತ್ತಿದ್ದ ಹೆಣ್ಣುಮಗಳೊಬ್ಬಳು ಓದುವುದನ್ನು ಬಿಡುತ್ತಾಳೆ, ಮನೆಯವರು ಅದನ್ನು ಗಮನಿಸುವುದೂ ಇಲ್ಲ.

ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ಈಗ ಕನ್ನಡದ ಮನೆಗಳು ಸಾಕಷ್ಟಿವೆ. ಅಂಥ ಒಂದು ಮನೆಯ ಆಗಸ್ಟನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಾಯಿ ಶಿವಮೊಗ್ಗದ ಕಡೆಯವರು, ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಮಗಳು ಹುಟ್ಟಿದ ಎರಡು ವರ್ಷಕ್ಕೆ ಎಂಎಸ್ ಎಂದು ಗೊತ್ತಾಯಿತು. ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುತ್ತಾರೆ. ನೋಡಿದರೆ ಕಾಯಿಲೆಯವರು ಎನ್ನಿಸುವುದಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಕೈ ತಾನಾಗಿ ಗೋಡೆ ಹುಡುಕುತ್ತದೆ. ಊರಿನಲ್ಲಿ ಈ ವಿಷಯ ಗೊತ್ತಿದ್ದುದು ಅವರ ಅಮ್ಮನಿಗೆ ಮತ್ತು ಅಣ್ಣನಿಗೆ, ಅಷ್ಟೇ. ಅತ್ತೆಯ ಮನೆ ಕಡೆಯವರಿಗೂ ಪೂರ್ತಿ ಹೇಳಿರಲಿಲ್ಲ. ‘ತಂಗಿ ಮದುವೆ ಆಗೋವರೆಗೂ ಬಾಯಿ ಬಿಡಬೇಡ, ವಂಶದ ಕಾಯಿಲೆ ಅಂದ್ಕೋತಾರೆ’ ಎಂದು ಅಮ್ಮ ಹೇಳಿದ್ದರು. ತಂಗಿಯ ಮದುವೆ ಆಯಿತು, ಮಗುವೂ ಆಯಿತು. ಮುಚ್ಚಿಟ್ಟಿದ್ದು ಹಾಗೇ ಮುಚ್ಚಿಯೇ ಉಳಿಯಿತು.

ಮಗಳಿಗೆ ಹತ್ತು ವರ್ಷವಾದಾಗ ಶಾಲೆಯಲ್ಲಿ ರೀಡಥಾನಿಗೆ ಹೆಸರು ಕೊಟ್ಟಳು. ಆನ್‌ಲೈನ್ ಪುಟದಲ್ಲಿ ‘ನೀನು ಯಾಕೆ ಓದುತ್ತಿದ್ದೀಯ?’ ಎಂದು ಬರೆಯಲು ಒಂದು ಜಾಗವಿರುತ್ತದೆ. ತನ್ನ ಅಮ್ಮನಿಗೆ ಎಂಎಸ್ ಇದೆ, ಅವಳಿಗೆ ಬೇಗ ಸುಸ್ತಾಗುತ್ತದೆ, ತಾನು ಹದಿನೈದು ಪುಸ್ತಕ ಓದುತ್ತೇನೆ ಎಂದು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಳು. ಅಪ್ಪನ ಫೋನಿನಿಂದ ಆ ಲಿಂಕನ್ನು ಗೆಳತಿಯರಿಗೆ ಕಳಿಸಿದಳು. ಜೊತೆಗೆ ಅರವತ್ತು ಚಿಲ್ಲರೆ ಜನರಿರುವ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೂ ಕಳಿಸಿದಳು. ಅದು ಗುಟ್ಟು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ವೀಸಾದ ಮೇಲೆ ಬಂದಿದ್ದ ಅಜ್ಜಿ ಅವತ್ತು ಊಟ ಮಾಡಲಿಲ್ಲ. ‘ಊರಿಗೆಲ್ಲ ಡಂಗುರ ಸಾರಿದ ಹಾಗಾಯ್ತಲ್ಲೇ’ ಎಂದು ಮಗಳನ್ನು ಬೈದರು. ಮೊಮ್ಮಗಳನ್ನು ಬೈಯಲಿಲ್ಲ. ಸಂಜೆ ಹೊತ್ತಿಗೆ ಫೋನುಗಳು ಶುರುವಾದವು. ಮೊದಲು ಮಾಡಿದ್ದು ತಿಪಟೂರಿನ ದೊಡ್ಡಮಾವ. ‘ಇಷ್ಟು ವರ್ಷ ನಮಗ್ಯಾಕಮ್ಮ ಹೇಳ್ಲಿಲ್ಲ? ನಿನ್ನ ತಂಗಿ ಮದುವೇಲಿ ನೀನು ಬಂದೋಳು ಕುರ್ಚಿ ಬಿಟ್ಟು ಏಳಲೇ ಇಲ್ಲ, ಫಾರಿನ್ನಿಗೆ ಹೋದ್ಮೇಲೆ ಇವಳಿಗೆ ಜಂಬ ಬಂತು ಅಂತ ನಿಮ್ಮತ್ತೆ ಇನ್ನೂ ಆಡ್ತಾ ಇದಾಳೆ’ ಎಂದರು. ಮೇ ತಿಂಗಳ ಮದುವೆ, ಶಾಮಿಯಾನದ ಸೆಕೆ. ಎಂಎಸ್ ಇರುವವರಿಗೆ ಮೈ ಬಿಸಿಯಾದರೆ ಇದ್ದ ತೊಂದರೆಯೆಲ್ಲ ಹೆಚ್ಚುತ್ತದೆ. 1890ರಷ್ಟು ಹಿಂದೆಯೇ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಇದನ್ನು ದಾಖಲಿಸಿದ್ದ. ಒಂದು ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೇ ರೋಗ ಪರೀಕ್ಷೆ ಮಾಡುತ್ತಿದ್ದರು. ಆ ಮದುವೆಯ ಹಿಂದಿನ ದಿನ ಇವರಿಗೆ ಎಣ್ಣೆ ಹಚ್ಚಿ ಹಂಡೆಯ ಸುಡುನೀರು ಹೊಯ್ದಿದ್ದರು. ಅದಾದ ಮೇಲೆ ಅವರ ಕಾಲು ಎರಡು ದಿನ ಅವರ ಮಾತು ಕೇಳಿರಲಿಲ್ಲ. ಜಂಬ ಎಂದು ಕಂಡದ್ದು ಇದು.

ಆ ವಾಟ್ಸ್‌ಆ್ಯಪ್ ಗುಂಪಿನಿಂದ ಬಂದ ಹಣ ದೊಡ್ಡದೇನಲ್ಲ. ಆದರೆ ಹತ್ತು ವರ್ಷದ ಹುಡುಗಿಯೊಬ್ಬಳು ‘ನಾನು ಓದ್ತೀನಿ, ನೀವು ಕೊಡಿ’ ಎಂದು ಕೇಳಿದಾಗ, ಅವಳ ತಾಯಿ ಎಂಟು ವರ್ಷ ಬಾಯಿಬಿಡಲಾರದೆ ಇದ್ದ ಮಾತು ಸಲೀಸಾಗಿ ಹೊರಗೆ ಬಂತು. ಯಾರಿಗೂ ಅಯ್ಯೋ ಪಾಪ ಎನ್ನಲು ಅಲ್ಲಿ ಜಾಗವಿರಲಿಲ್ಲ. ಕೇಳಿದವಳು ಮರುಕ ಕೇಳಿರಲಿಲ್ಲ, ತಾನು ಮಾಡುವ ಕೆಲಸಕ್ಕೆ ಬೆಂಬಲ ಕೇಳಿದ್ದಳು. ‘ಎಷ್ಟನೇ ಪುಸ್ತಕ ಆಯ್ತು ಪುಟ್ಟಾ?’ ಎಂದು ವಿಚಾರಿಸುತ್ತಲೇ ‘ಅಮ್ಮ ಹೇಗಿದಾಳೆ?’ ಎಂದೂ ವಿಚಾರಿಸಲು ಎಲ್ಲರಿಗೂ ಸಾಧ್ಯವಾಯಿತು. ತಿಂಗಳ ಕೊನೆಯ ಪುಸ್ತಕಗಳನ್ನು ಅವಳು ಅಮ್ಮನ ಹಾಸಿಗೆಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಅವುಗಳಲ್ಲೊಂದು ಅಜ್ಜಿ ತಂದಿದ್ದ ಕನ್ನಡದ ಮಕ್ಕಳ ಪುಸ್ತಕ. ಒತ್ತಕ್ಷರ ಬಂದಲ್ಲೆಲ್ಲ ಅವಳು ನಿಲ್ಲುತ್ತಿದ್ದಳು, ಅಮ್ಮ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು. ಲೆಕ್ಕದಲ್ಲಿ ಅದೂ ಒಂದು ಪುಸ್ತಕವಾಗಿ ಸೇರಿತು.

ರೀಡಥಾನಿನ ಹಣ ಹೋಗುವ ಕಡೆಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಕುಟುಂಬ ಶಿಬಿರಗಳು. ಅಪ್ಪ ಅಥವಾ ಅಮ್ಮನಿಗೆ ಎಂಎಸ್ ಇರುವ ಮನೆಯವರೆಲ್ಲ ಎರಡು ಮೂರು ದಿನ ಒಂದೆಡೆ ಸೇರುತ್ತಾರೆ. ದೊಡ್ಡವರು ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಾರೆ, ಮಕ್ಕಳು ಆಡುತ್ತಾರೆ. ಅಲ್ಲಿಗೆ ಬಂದ ಮಗುವಿಗೆ ತನ್ನ ಹಾಗೆಯೇ ಶಾಲೆಯಿಂದ ಬಂದು ಅಮ್ಮನಿಗೆ ನೀರು ಕೊಡುವ, ತಮ್ಮನಿಗೆ ಬ್ರೆಡ್ ಸುಟ್ಟುಕೊಡುವ ಇನ್ನೊಂದು ಮಗು ಸಿಗುತ್ತದೆ. ದೀರ್ಘಕಾಲದ ಕಾಯಿಲೆ ಇರುವ ಮನೆಗಳ ಮಕ್ಕಳು ಬೇಗ ದೊಡ್ಡವರಾಗುತ್ತಾರೆ. ಯಾರೂ ಅವರಿಗೆ ‘ನೀನು ಹೇಗಿದ್ದೀಯ?’ ಎಂದು ಕೇಳುವುದಿಲ್ಲ, ‘ಅಮ್ಮ ಹೇಗಿದ್ದಾರೆ?’ ಎಂದೇ ಕೇಳುತ್ತಾರೆ. ಇಂಥ ಶಿಬಿರಕ್ಕೆ ಯಾವ ಆರೋಗ್ಯ ವಿಮೆಯೂ ದುಡ್ಡು ಕೊಡುವುದಿಲ್ಲ. ಓದಿ ತಂದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚನ್ನು ನಾನು ಯೋಚಿಸಲಾರೆ.

ಐರ್ಲೆಂಡಿನಲ್ಲೂ ಇದೇ ಕಾಯಿಲೆಗಾಗಿ ರೀಡಥಾನ್ ದಶಕಗಳಿಂದ ನಡೆಯುತ್ತಿದೆ. ಇಂಗ್ಲೆಂಡಿನದು ಬೇರೆ ದಾರಿ. ಅಲ್ಲಿ ಮಕ್ಕಳ ಲೇಖಕ ಬ್ರಫ್ ಗರ್ಲಿಂಗ್ 1984ರಲ್ಲಿ ರೀಡಥಾನ್ ಆರಂಭಿಸಿದರು, ಮತ್ತೊಬ್ಬ ಮಕ್ಕಳ ಲೇಖಕ ರೋಆಲ್ಡ್ ಡಾಲ್ ಅದರ ಮೊದಲ ಅಧ್ಯಕ್ಷ. ಕಾಯಿಲೆಯ ಮಕ್ಕಳ ನೆರವಿಗೆಂದು ಹುಟ್ಟಿದ ಆ ಸಂಸ್ಥೆ ಈಗ ‘ರೀಡ್ ಫಾರ್ ಗುಡ್’ ಎಂಬ ಹೆಸರಿನಲ್ಲಿದೆ. ಶಾಲೆಯ ಮಕ್ಕಳು ಓದಿ ತಂದ ಹಣದಿಂದ ಆಸ್ಪತ್ರೆಗಳಲ್ಲಿರುವ ಮಕ್ಕಳ ಹಾಸಿಗೆಯ ಬಳಿಗೆ ಪುಸ್ತಕದ ಗಾಡಿ ಬರುತ್ತದೆ, ಕಥೆ ಹೇಳುವವರು ಬರುತ್ತಾರೆ. ಸಂಗ್ರಹವಾದ ಹಣದ ಶೇ 20ರಷ್ಟು ಬೆಲೆಯ ಪುಸ್ತಕ ಆ ಶಾಲೆಗೇ ವಾಪಸು ಸಿಗುತ್ತದೆ. ಡಾಲ್ ಅವರ ಬದುಕು ಗೊತ್ತಿದ್ದವರಿಗೆ ಅವರು ಈ ಕೆಲಸಕ್ಕೆ ಏಕೆ ಒಪ್ಪಿಕೊಂಡರೆಂದು ಹೇಳಬೇಕಾಗಿಲ್ಲ. ಅವರ ಮಗ ಹಸುಗೂಸಾಗಿದ್ದಾಗ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಿದುಳಿನಲ್ಲಿ ನೀರು ತುಂಬಿತ್ತು, ಏಳು ವರ್ಷದ ಮಗಳು 1962ರಲ್ಲಿ ದಡಾರದಿಂದ ತೀರಿಕೊಂಡಿದ್ದಳು. ಆಸ್ಪತ್ರೆಯ ಕುರ್ಚಿಯಲ್ಲಿ ರಾತ್ರಿ ಕಳೆದ ತಂದೆ ಅವರು.

ಇದರಲ್ಲಿ ಕೊರತೆಗಳೂ ಇವೆ. ಅನುಕೂಲಸ್ಥರ ಬಡಾವಣೆಯ ಮಗು ಐದು ಪುಸ್ತಕ ಓದಿ ತರುವ ಹಣವನ್ನು ಬಡವರ ಮಗು ಐವತ್ತು ಓದಿದರೂ ತರಲಾಗದು. ಯಾರು ಹೆಚ್ಚು ತಂದರು ಎಂಬ ಪಟ್ಟಿ ಗೋಡೆಗೆ ಅಂಟಿಸಿದರೆ ಆ ಮಗುವಿನ ಮನಸ್ಸಿಗೆ ಆಗುವ ಗಾಯಕ್ಕೆ ಹೊಣೆ ಯಾರು? ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರುವ ಮಗುವಿಗೆ ಪುಸ್ತಕಗಳ ಸಂಖ್ಯೆ ಎಂಬುದೇ ಶಿಕ್ಷೆ. ಆಡಿಯೊ ಪುಸ್ತಕ ಕೇಳಿದ್ದು, ಕಾಮಿಕ್ಸ್ ಓದಿದ್ದು, ಬೇರೆಯವರು ಓದಿ ಹೇಳಿದ್ದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವ ರೂಢಿ ಬಂದದ್ದು ಒಳ್ಳೆಯದಾಯಿತು. ಆದರೂ ಪಟ್ಟಿ ಅಂಟಿಸುವ ಶಾಲೆಗಳು ಇದ್ದೇ ಇರುತ್ತವೆ. ಅದನ್ನು ನಿಲ್ಲಿಸಬೇಕು.

ನಮ್ಮ ಕಡೆ ನೋಡೋಣ. ಕಾಯಿಲೆಗೆ ಹಣ ಬೇಕೆಂದರೆ ಇವತ್ತು ನಮಗೆ ಗೊತ್ತಿರುವುದು ಒಂದೇ ದಾರಿ. ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೊ, ಕೆಳಗೆ ಕ್ಯೂಆರ್ ಕೋಡ್, ‘ಇನ್ನು ಮೂರೇ ದಿನ’ ಎಂಬ ಕೂಗು. ಅದರಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೂಗು ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ಇಪ್ಪತ್ತು ಮೂವತ್ತು ವರ್ಷ ಜೊತೆಗಿರುವ ಕಾಯಿಲೆಗೆ ‘ಮೂರೇ ದಿನ’ ಎಂದು ಹೇಳಿ ಯಾರನ್ನು ಕರೆಯುವುದು? ಎರಡನೇ ಸಲ ಕೇಳಿದರೆ ನೆಂಟರು ಫೋನ್ ಎತ್ತುವುದಿಲ್ಲ. ಎಂಎಸ್‌ನ ಹೊಸ ಔಷಧಿಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಬೇಕು. ಅದನ್ನು ಭರಿಸಲಾಗದವರಿಗೆ ನಮ್ಮ ನರರೋಗ ತಜ್ಞರು ಕಡಿಮೆ ಬೆಲೆಯ ರಿಟುಕ್ಸಿಮ್ಯಾಬ್ ಕೊಟ್ಟು ಸಂಭಾಳಿಸುತ್ತಾರೆ. ಔಷಧಿಯದು ಹೀಗೆ ಹೇಗೋ ಆಗುತ್ತದೆ, ಮಿಕ್ಕಿದ್ದಕ್ಕೆ ಹೆಸರೇ ಇಲ್ಲ. ಹೆಂಡತಿಯನ್ನು ಬಚ್ಚಲಿಗೆ ಕರೆದೊಯ್ಯಲು ಕೆಲಸ ಬಿಟ್ಟ ಗಂಡನ ಸಂಬಳ, ಬಾಗಿಲ ಹೊಸ್ತಿಲು ಒಡೆಸಿ ಗಾಲಿಕುರ್ಚಿಗೆ ದಾರಿ ಮಾಡಿದ ಖರ್ಚು, ಹಗಲು ನೋಡಿಕೊಳ್ಳುವ ಹೆಂಗಸಿನ ಸಂಬಳ, ಇವನ್ನು ಯಾವ ಫೋಟೊದಲ್ಲಿ ತೋರಿಸುವುದು? ಮುಗಿಯದ ಕಾಯಿಲೆಗೆ ಬೇಕಾದದ್ದು ವರ್ಷವರ್ಷವೂ ಬರುವ ಸಹಾಯ. ರೀಡಥಾನ್ ಅಂಥದ್ದು. ಆಗಸ್ಟ್ ಮತ್ತೆ ಬರುತ್ತದೆ, ಮಕ್ಕಳು ಮತ್ತೆ ಓದುತ್ತಾರೆ.

ದುಡಿದು ಕೇಳುವ ಈ ಬಗೆ ನಮಗೆ ಹೊಸದಲ್ಲ. ಉಡುಪಿಯಲ್ಲಿ ಕೃಷ್ಣಾಷ್ಟಮಿ ಬಂದರೆ ರವಿ ಕಟಪಾಡಿ ಬಗೆಬಗೆಯ ವೇಷ ಹಾಕಿ ಬೀದಿಗಿಳಿಯುತ್ತಾರೆ. ಕೂಲಿ ಕೆಲಸದ ಮನುಷ್ಯ, ಗಂಟೆಗಟ್ಟಲೆ ಮೈಗೆ ಬಣ್ಣ ಹಚ್ಚಿಸಿಕೊಂಡು, ಊಟ ನಿದ್ದೆ ಬಿಟ್ಟು ನಿಂತು ಸಂಗ್ರಹಿಸಿದ ಹಣವನ್ನೆಲ್ಲ ಕಾಯಿಲೆಯ ಮಕ್ಕಳ ಮನೆಯವರಿಗೆ ಕೊಡುತ್ತಾರೆ. ಜನ ಅಷ್ಟಮಿಗೆ ಅವರ ದಾರಿ ಕಾಯುತ್ತಾರೆ. ಊರ ಶಾಲೆಗೆಂದೂ ಕಲಾವಿದರ ಚಿಕಿತ್ಸೆಗೆಂದೂ ಸಹಾಯಾರ್ಥ ಯಕ್ಷಗಾನ, ಸಹಾಯಾರ್ಥ ನಾಟಕ ಆಡಿಸಿದ ನಾಡು ಇದು. ಗಟ್ಟಿಯಾಗಿ ಓದುವುದಂತೂ ನಮ್ಮ ಹಿರಿಯರ ಸಂಜೆಯ ಕೆಲಸವೇ ಆಗಿತ್ತು. ಕುಮಾರವ್ಯಾಸನನ್ನೋ ಜೈಮಿನಿಯನ್ನೋ ಒಬ್ಬರು ವಾಚಿಸಿ, ಇನ್ನೊಬ್ಬರು ಅರ್ಥ ಹೇಳಿ, ಕೊನೆಯಲ್ಲಿ ಮಂಗಳಾರತಿ ತಟ್ಟೆ ಸುತ್ತು ಬಂದಾಗ ಓದು ಬಾರದವರೂ ಕಾಸು ಹಾಕುತ್ತಿದ್ದರು.

ಕಾಯಿಲೆಯವರು, ಅವರ ಮನೆಯವರೇ ಸೇರಿ ಸಂಘ ಕಟ್ಟಿಕೊಂಡ ಉದಾಹರಣೆಗಳೂ ಇವೆ. ಸ್ವತಃ ಹಿಮೋಫಿಲಿಯಾ (ರಕ್ತ ಹೆಪ್ಪುಗಟ್ಟದ ಕಾಯಿಲೆ) ಇರುವ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ಅದೇ ಕಾಯಿಲೆಯವರನ್ನು ಒಟ್ಟುಗೂಡಿಸಿದ್ದಾರೆ. ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ 1985ರಲ್ಲಿ ಹುಟ್ಟಿತು, ಬೆಂಗಳೂರಿನಲ್ಲೂ ಅದರ ಶಾಖೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ವೈಕಲ್ಯಗಳಲ್ಲಿ ಎಂಎಸ್ ಕೂಡ ಸೇರಿದೆ. ಇಷ್ಟಾದರೂ ಹೊರಗೆ ನಡೆಯುತ್ತ ಕಾಣುವ ಹೆಣ್ಣುಮಗಳು ಗುರುತಿನ ಚೀಟಿ ಕೇಳಲು ಹೋದರೆ ಕೌಂಟರಿನವರು ಕಾಲಿನಿಂದ ತಲೆಯವರೆಗೆ ನೋಡುತ್ತಾರೆ.

ಓದಲು ಜಾಗ ಇಲ್ಲವೇ ಎಂದರೆ ಅದೂ ಇದೆ. 2020ರಲ್ಲಿ ರಾಜ್ಯದಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಂದಿನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಊರುಗಳಲ್ಲಿ ಸಂಜೆ ಹೊತ್ತು ಹೋದರೆ ಚಾಪೆಯ ಮೇಲೆ ಜಾಗವಿರುವುದಿಲ್ಲ, ಅಷ್ಟು ಮಕ್ಕಳು. ನಮ್ಮಲ್ಲೂ ರೀಡಥಾನ್ ನಡೆಸಲು ಅಂಥ ಒಂದು ಗ್ರಂಥಾಲಯ, ಒಂದು ತಿಂಗಳು, ಮುಗಿಯದ ಕಾಯಿಲೆ ಇರುವ ತಾಲ್ಲೂಕಿನ ನಾಲ್ಕಾರು ಮನೆಗಳು ಸಾಕು. ಹಣ ಶಾಲೆಯ ಕೈಗೂ ಬರಬಾರದು, ಮನೆಯವರ ಕೈಗೂ ನೇರ ಹೋಗಬಾರದು. ನೋಂದಾಯಿತ ಸಂಘವೊಂದರ ಖಾತೆಗೆ ಬಿದ್ದು, ಖರ್ಚು ನೋಟಿಸ್ ಬೋರ್ಡಿಗೆ ಬರಬೇಕು. ಯಾವ ಮಗು ಎಷ್ಟು ತಂದಿತು ಎಂಬುದು ಮಾತ್ರ ಎಲ್ಲೂ ಕಾಣಬಾರದು. ಕಾಯಿಲೆಯವರ ಫೋಟೊ ಬೇಡವೇ ಬೇಡ. ಹೆಸರು ಹೇಳಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ.

ಬೆಂಗಳೂರಿನಲ್ಲಿ ಎಂಎಸ್ ಇರುವ ಹೆಂಡತಿಯನ್ನು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಒಬ್ಬರನ್ನು ನಾನು ಕೇಳಿದೆ: ಇಂಥ ಹಣ ಬಂದರೆ ಮೊದಲು ಯಾವುದಕ್ಕೆ ಬೇಕು? ದೊಡ್ಡ ಔಷಧಿಯ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ‘ಫಿಸಿಯೋಥೆರಪಿಗೆ ಹೋಗಿಬರೋ ಕ್ಯಾಬ್ ಚಾರ್ಜ್ ಸರ್. ಅದೊಂದು ಆದ್ರೆ ತಪ್ಪಿಸ್ದೆ ಕರ್ಕೊಂಡು ಹೋಗ್ತೀನಿ. ಈಗ ತಿಂಗಳ ಕೊನೆ ಬಂದ್ರೆ ಎರಡು ಸಲ ತಪ್ಪಿಸ್ತೀವಿ’ ಎಂದರು. ವಾರಕ್ಕೆ ಎರಡು ದಿನ, ಹೋಗಿ ಬರಲು ಒಂದು ದಿನಕ್ಕೆ 500 ರೂಪಾಯಿ. ವರ್ಷಕ್ಕೆ 52,000. ನಲವತ್ತು ಮಕ್ಕಳ ಒಂದು ತರಗತಿಗೆ ಹಂಚಿದರೆ ತಲಾ 1,300 ರೂಪಾಯಿಯ ಓದು.